ಮೊದಲು ಓದ್ಬೇಕಾ, ನೋಡ್ಬೇಕಾ?

ನನ್ನ ಕಪಾಟಿನಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್'ನ ಮೂರು ಸಂಪುಟಗಳಿವೆ. ಮೂರೂ ಬೇರೆ ಬೇರೆ ಅಳತೆಯವು, ಬೇರೆ ಬೇರೆ ವರ್ಷ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಎತ್ತಿಕೊಂಡವು. ಮನೆಗೆ ಬಂದವರು ಅವನ್ನು ನೋಡಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. "ಸಿನಿಮಾ ಇನ್ನೂ ನೋಡಿಲ್ಲ. ಮೊದ್ಲು ಇದನ್ನ ಓದ್ಬೇಕಾ, ಇಲ್ಲ ಸೀದಾ ಸಿನಿಮಾ ನೋಡಿಬಿಡ್ಲಾ?" ಅಕ್ಕನ ಮಗ ಕೇಳಿದ್ದಾನೆ, ಆಫೀಸಿನಲ್ಲಿ ಪಕ್ಕದ ಸೀಟಿನವರು ಕೇಳಿದ್ದಾರೆ, ಒಂದು ಸಲ ವೈಫೈ ಸರಿ ಮಾಡಲು ಬಂದ ಹುಡುಗನೂ ಕೇಳಿದ್ದ.

ಮೊದಲು ಓದಿ ಅಂತಲೇ ನಾನು ಹೇಳುವುದು. ಹಾಗಂತ ಪುಸ್ತಕ ಯಾವಾಗಲೂ ಮೇಲು, ಸಿನಿಮಾ ಯಾವಾಗಲೂ ಕೆಡಿಸುತ್ತದೆ ಅನ್ನುವವರ ಗುಂಪಿನವನಲ್ಲ. ಎರಡು ಮೂರು ಕಡೆ ಸಿನಿಮಾನೇ ಗೆದ್ದಿದೆ, ಅದನ್ನೂ ಹೇಳುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಟೋಲ್ಕಿನ್ ಬರೆದ ಈ ಕಾದಂಬರಿ ಅಚ್ಚಾದದ್ದು 1954-55ರಲ್ಲಿ. ಲೋಕವನ್ನೆಲ್ಲ ಅಂಕೆಯಲ್ಲಿಡಬಲ್ಲ ಒಂದು ಉಂಗುರ. ಅದು ತಯಾರಾದ ಬೆಂಕಿಬೆಟ್ಟಕ್ಕೇ ಒಯ್ದು ಎಸೆಯಬೇಕು. ಒಯ್ಯುವವನು ಫ್ರೋಡೊ ಅನ್ನುವ ಹಾಬಿಟ್, ನಮ್ಮ ಸೊಂಟದೆತ್ತರದ ಆಳು. ಪೀಟರ್ ಜಾಕ್ಸನ್ ನ್ಯೂಜಿಲೆಂಡಿನಲ್ಲಿ ಮೂರು ಸಿನಿಮಾಗಳನ್ನು ಒಟ್ಟಿಗೇ ಶೂಟ್ ಮಾಡಿ 2001, 2002, 2003ರಲ್ಲಿ ಒಂದೊಂದಾಗಿ ಬಿಟ್ಟರು. ಮೂರನೆಯದಕ್ಕೆ 11 ಆಸ್ಕರ್ ಬಂತು.

"ಓದಿಬಿಟ್ಟರೆ ಸಿನಿಮಾದಲ್ಲಿ ಏನು ಮಜಾ, ಕಥೆ ಗೊತ್ತಾಗಿಬಿಡುತ್ತಲ್ಲ" ಅನ್ನುತ್ತಾರೆ. ನನಗೆ ಈ ಭಯ ಯಾವತ್ತೂ ಅರ್ಥವಾಗಿಲ್ಲ. ಅಜ್ಜನ ಮನೆ ಕರಾವಳಿ ಕಡೆ, ಅಲ್ಲಿ ತಾಳಮದ್ದಲೆಗೆ ಕೂತವರಲ್ಲಿ ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಅರ್ಥಧಾರಿ ಇವತ್ತು ಕರ್ಣನ ಬಾಯಲ್ಲಿ ಏನು ಆಡಿಸುತ್ತಾನೆ ಅಂತ ಕೇಳಲು ನಿದ್ದೆಗೆಟ್ಟು ಕೂರುತ್ತಾರೆ. ಅವನು ಮೂಲದಲ್ಲಿ ಇಲ್ಲದ ಮಾತು ಎಷ್ಟೋ ಆಡುತ್ತಾನೆ, ಯಾರೂ ತಕರಾರು ಮಾಡುವುದಿಲ್ಲ. ತಕರಾರು ಬರುವುದು ಕರ್ಣ ಕರ್ಣನ ಹಾಗೆ ಮಾತಾಡದಿದ್ದಾಗ.

ಜಾಕ್ಸನ್ ಜೊತೆ ನನ್ನ ಲೆಕ್ಕಾಚಾರವೂ ಹೀಗೇ. ಬೊರೊಮಿರ್‌ನನ್ನೇ ತೆಗೆದುಕೊಳ್ಳಿ. ಉಂಗುರದ ಆಸೆಗೆ ಬಿದ್ದು ಫ್ರೋಡೊ ಮೇಲೆ ಕೈ ಮಾಡಿದವನು, ಆಮೇಲೆ ಉಳಿದ ಹಾಬಿಟ್‌ಗಳನ್ನು ಕಾಪಾಡಲು ಹೋಗಿ ಸಾಯುವವನು. ಪುಸ್ತಕದಲ್ಲಿ ಆ ಕಾದಾಟವೇ ನಮಗೆ ಕಾಣುವುದಿಲ್ಲ. ಜೊತೆಗಾರ ಅರಗಾರ್ನ್ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಅದೂ ಎರಡನೇ ಸಂಪುಟದ ಮೊದಲ ಅಧ್ಯಾಯದಲ್ಲಿ. ಸಿನಿಮಾ ಅದನ್ನು ಮೊದಲ ಭಾಗದ ಕೊನೆಗೇ ತಂದು, ಒಂದು ಬಾಣ ನೆಟ್ಟರೂ ಎದ್ದು, ಇನ್ನೊಂದು ನೆಟ್ಟರೂ ಎದ್ದು ಹೊಡೆದಾಡುವ ಬೊರೊಮಿರ್ ಪಾತ್ರದ ಶಾನ್ ಬೀನ್‌ನನ್ನು ಕಣ್ಣೆದುರೇ ನಿಲ್ಲಿಸುತ್ತದೆ. ಓದುವಾಗ ಅವನನ್ನು ಬೈದುಕೊಂಡಿದ್ದ ನಾನು ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡೆ. ಹಾಗೇ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿ ಸುದ್ದಿ ಸಾಗುವ ದೃಶ್ಯ. ಪುಸ್ತಕದಲ್ಲಿ ಅದು ಕುದುರೆ ಮೇಲೆ ಹೋಗುತ್ತಿರುವವರಿಗೆ ದಾರಿಯಲ್ಲಿ ಕಂಡು ಹೋಗುವ ಸಂಗತಿ, ಅಷ್ಟೇ. ಸಿನಿಮಾದಲ್ಲಿ ಹಿಮದ ಬೆಟ್ಟಗಳ ಮೇಲೆ ಒಂದೊಂದಾಗಿ ಕಿಡಿ ಹೊತ್ತುತ್ತಾ ಹೋಗುತ್ತದೆ, ಮಾತೇ ಇಲ್ಲ, ಬರೀ ಸಂಗೀತ. ಇವು ಒಳ್ಳೆ ಅರ್ಥಧಾರಿಯ ಕೆಲಸ.

ಅದೇ ಬೊರೊಮಿರ್‌ನ ತಮ್ಮ ಫರಾಮಿರ್ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಉಂಗುರ ದಾರಿಯಲ್ಲಿ ಬಿದ್ದಿದ್ದರೂ ನಾನು ಎತ್ತಿಕೊಳ್ಳುವುದಿಲ್ಲ ಅನ್ನುವ ಮನುಷ್ಯ ಅವನು. ಸಿನಿಮಾದಲ್ಲಿ ಅದಕ್ಕೆ ಆಸೆಪಟ್ಟು ಫ್ರೋಡೊನನ್ನು ಹಿಡಿದು ಎಳೆದುಕೊಂಡು ಹೋಗುತ್ತಾನೆ. ಎಲ್ಲರನ್ನೂ ಸೆಳೆಯುವ ಉಂಗುರಕ್ಕೆ ಇವನೊಬ್ಬ ಸೋಲದಿದ್ದರೆ ಉಂಗುರದ ಭಯವೇ ಹೋಗುತ್ತದೆ ಅನ್ನುವುದು ಸಿನಿಮಾದವರು ಕೊಟ್ಟ ಕಾರಣ. ಕಾರಣ ಸರಿಯೇ ಇರಬಹುದು. ಆದರೆ ಫರಾಮಿರ್ ಫರಾಮಿರ್‌ನ ಹಾಗೆ ಮಾತಾಡಲಿಲ್ಲ, ಅಲ್ವಾ?

ಇರಲಿ, ಇವೆಲ್ಲ ವಾದ ಮಾಡುವ ವಿಷಯಗಳು, ಓದಿ ನೋಡಿದರೂ ಆಯಿತು, ನೋಡಿ ಓದಿದರೂ ಆಯಿತು. ಮೊದಲು ಓದಿ ಅಂತ ನಾನು ಹಟ ಹಿಡಿಯುವುದು ಮುಖಗಳಿಗೋಸ್ಕರ.

ಉಂಗುರ ಕೈಗೆ ಬಂದು 17 ವರ್ಷ ಆದ ಮೇಲೆ ಪುಸ್ತಕದ ಫ್ರೋಡೊ ಊರು ಬಿಡುತ್ತಾನೆ. ಆಗ ಅವನಿಗೆ 50. ಹಾಬಿಟ್‌ಗಳ ಲೆಕ್ಕದಲ್ಲಿ ಅದು ಅಂಥ ವಯಸ್ಸೇನಲ್ಲ, ಆದರೆ 50 ಅಂತ ಓದಿದ ಮೇಲೆ ನನ್ನ ತಲೆಯಲ್ಲಿ ಕೂತವನು ಸ್ವಲ್ಪ ಹೊಟ್ಟೆ ಬಂದ, ಮದುವೆಯಾಗದ, ಮನೆಯ ಜಮೀನು ನೋಡಿಕೊಂಡು ಸಂಜೆ ಒಬ್ಬನೇ ತೋಟದ ಕಡೆ ಹೋಗುವ ಚಿಕ್ಕಪ್ಪನ ಥರದವನು. ಅಂಥವನು ಮನೆ ಮಾರಿ ಹೊರಟಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಶೂಟಿಂಗ್ ಶುರುವಾದಾಗ ಸಿನಿಮಾದ ಫ್ರೋಡೊ ಎಲೈಜಾ ವುಡ್‌ಗೆ 18 ವರ್ಷ. ದೊಡ್ಡ ನೀಲಿ ಕಣ್ಣು, ಒಳ್ಳೆ ನಟ, ನನ್ನ ದೂರಿಲ್ಲ. ಆದರೆ ಸಿನಿಮಾ ನೋಡಿ ಬಂದ ವಾರವೇ ಪುಸ್ತಕ ತೆಗೆದರೆ ಚಿಕ್ಕಪ್ಪ ಇರಲಿಲ್ಲ. ಎಷ್ಟು ಕಣ್ಣು ಮುಚ್ಚಿ ಹುಡುಕಿದರೂ ಅದೇ ಹುಡುಗ. ಮಾಂತ್ರಿಕ ಗ್ಯಾಂಡಾಲ್ಫ್ ಹೇಗಿದ್ದ ಅಂತ ನೆನಪೂ ಇಲ್ಲ ಈಗ, ಇಯಾನ್ ಮೆಕೆಲನ್ ಬಂದು ಪೂರ್ತಿ ಅಳಿಸಿಬಿಟ್ಟರು. ಮೊದಲೇ ಸಿನಿಮಾ ನೋಡಿದವರಿಗೆ ಈ ಚಿಕ್ಕಪ್ಪ ಒಂದು ದಿನಕ್ಕೂ ಸಿಗುವುದಿಲ್ಲ. ನನಗೆ ಕೆಲವು ವರ್ಷವಾದರೂ ಸಿಕ್ಕಿದ್ದ.

ಉಳಿದವನು ಒಬ್ಬನೇ, ಟಾಮ್ ಬಾಂಬಡಿಲ್. ಕಾಡಿನ ಅಂಚಿನಲ್ಲಿ ಇರುವವನು, ನೀಲಿ ಕೋಟು, ಹಳದಿ ಬೂಟು, ಬಾಯಲ್ಲಿ ಸದಾ ಹಾಡು. ಲೋಕವೆಲ್ಲ ಹೆದರುವ ಆ ಉಂಗುರವನ್ನು ಕೇಳಿ ಇಸಕೊಂಡು ಬೆರಳಿಗೆ ಹಾಕಿಕೊಳ್ಳುತ್ತಾನೆ, ಏನೂ ಆಗುವುದಿಲ್ಲ. ಬೇರೆ ಯಾರು ಹಾಕಿಕೊಂಡಿದ್ದರೂ ಕಣ್ಣಿಗೆ ಕಾಣದಂತೆ ಮಾಯವಾಗಬೇಕಿತ್ತು. ಇವನು ಹಾಗೇ ನಿಂತು ನಗುತ್ತಾ ವಾಪಸ್ ಕೊಡುತ್ತಾನೆ. ಕಥೆ ಮುಂದೆ ಹೋಗಲು ಇವನು ಬೇಕಿಲ್ಲ ಅಂತ ಜಾಕ್ಸನ್ ಇಡೀ ಪಾತ್ರವನ್ನೇ ಬಿಟ್ಟರು. ಆವತ್ತು ಥಿಯೇಟರಿನಲ್ಲಿ ಈಗ ಬರ್ತಾನೆ, ಈಗ ಬರ್ತಾನೆ ಅಂತ ಕಾದು, ಬರದೇ ಹೋದಾಗ ಪಕ್ಕದಲ್ಲಿದ್ದ ಗೆಳೆಯನ ಹತ್ತಿರ ಗೊಣಗಿದ್ದೆ. ಈಗ ಅನಿಸುತ್ತದೆ, ದೊಡ್ಡ ಉಪಕಾರ ಆಯಿತು. ನನ್ನ ಬಾಂಬಡಿಲ್‌ಗೆ ಅಜ್ಜನ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಮುದುಕನ ಮುಖ. ಆತನೂ ಇಡೀ ದಿನ ಏನಾದರೂ ಗುನುಗುತ್ತಿದ್ದ, ಅಜ್ಜ ಎಷ್ಟು ಬೈದರೂ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಪುಸ್ತಕ ತೆಗೆದಾಗಲೆಲ್ಲ ಆತ ಅಲ್ಲೇ ಇರುತ್ತಾನೆ.

2024ರಲ್ಲಿ 'ರಿಂಗ್ಸ್ ಆಫ್ ಪವರ್' ಸರಣಿಯ ಎರಡನೇ ಸೀಸನ್ನಿನಲ್ಲಿ ಬಾಂಬಡಿಲ್‌ನನ್ನೂ ತೆರೆಗೆ ತಂದರು. ಅಕ್ಕನ ಮಗ ರಾತ್ರಿ ಫೋನ್ ಮಾಡಿ, "ಮಾಮ, ನಿಮ್ಮವನು ಬಂದ, ಬೇಗ ಬನ್ನಿ, ಪಾಸ್ ಮಾಡಿಟ್ಟಿದ್ದೀನಿ" ಅಂದ. ಅವನ ಮನೆ ಇರುವುದು ಎರಡು ಬೀದಿ ಆಚೆ. ಅನ್ನಕ್ಕಿಟ್ಟಿದ್ದೀನಿ ಕಣೋ, ಆಮೇಲೆ ಬರ್ತೀನಿ ಅಂದೆ. ಇನ್ನೂ ಹೋಗಿಲ್ಲ.