ಹಳೆಯ ಕಾರಿನ ಬ್ರೇಕ್ ಕ್ರಾಸ್ ಶಾಫ್ಟ್: ಗ್ರೀಸ್ ತಲುಪಬೇಕಾದ ಜಾಗ

1920ರ ದಶಕದ ರಾಡ್ ಬ್ರೇಕ್ (ಪೆಡಲಿನ ಒತ್ತನ್ನು ಲೋಹದ ಸರಳುಗಳೇ ಚಕ್ರಕ್ಕೆ ಒಯ್ಯುವ) ಕಾರುಗಳಲ್ಲಿ ಪೆಡಲ್ ಬಿಟ್ಟ ಮೇಲೂ ಬ್ರೇಕ್ ಹಿಡಿದೇ ಇದ್ದು ಡ್ರಮ್ ಕಾಯುತ್ತಿದ್ದರೆ ಎಲ್ಲರೂ ಮೊದಲು ಅನುಮಾನಿಸುವುದು ಡ್ರಮ್‌ಗೆ ಉಜ್ಜುವ ಲೈನಿಂಗನ್ನು, ಇಲ್ಲವೇ ರಿಟರ್ನ್ ಸ್ಪ್ರಿಂಗನ್ನು. ಚಾಸಿಗೆ ಅಡ್ಡಲಾಗಿದ್ದು ಪೆಡಲಿನ ಎಳೆತವನ್ನು ಚಕ್ರಗಳ ರಾಡ್‌ಗಳಿಗೆ ಹಂಚುವ ಕ್ರಾಸ್ ಶಾಫ್ಟನ್ನೂ ನೋಡಿ. ರಾಡ್‌ಗಳನ್ನು, ಸ್ಪ್ರಿಂಗನ್ನು ಕಳಚಿದರೆ ಅದು ಎರಡು ಬೆರಳಿಗೆ ಸಲೀಸಾಗಿ ತಿರುಗಬೇಕು. ಬಿಗಿಯಿದ್ದರೆ ಬ್ರಾಕೆಟ್ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ. ತಕ್ಷಣ ಹಗುರಾಯಿತೆಂದರೆ ಬೇರಿಂಗ್‌ಗಳು ಒಂದೇ ನೇರಕ್ಕಿಲ್ಲ. ಶಿಮ್ (ತೆಳು ತಗಡಿನ ಚೂರು) ಕೊಟ್ಟು ಸರಿಮಾಡದೆ ಎಷ್ಟು ಗ್ರೀಸ್ ತುಂಬಿದರೂ ದಂಡ.

ಈ ಶಾಫ್ಟ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಹಿಂದಕ್ಕೆ ಮುಂದಕ್ಕೆ ಆಡುತ್ತದೆ. ಹಾಗಾಗಿ ಎಂಜಿನ್ ಬೇರಿಂಗ್‌ನಂತೆ ಎಣ್ಣೆಯನ್ನು ಎಳೆದುಕೊಂಡು ಪದರ ಕಟ್ಟಲಾರದು. ಮೇಲಿನ ತೂತಿಗೆ ಬಿಟ್ಟ ಎಣ್ಣೆ ಸಡಿಲಿರುವ ಕಡೆಯಿಂದ ಇಳಿದುಹೋಗುತ್ತದೆ, ರಾಡ್ ಎಳೆತಕ್ಕೆ ಒತ್ತಿಕೊಂಡ ಕಡೆ ಒಣಗಿಯೇ ಉಳಿಯುತ್ತದೆ. ಶಾಫ್ಟ್ ಬಿಚ್ಚಿದರೆ ಒಂದೇ ಪಕ್ಕದಲ್ಲಿ ಮಿರಿಮಿರಿ ಸವೆದ ಪಟ್ಟಿ, ಅದರ ಅಂಚಿಗೆ ಕೆಂಪುಗಂದು ಪುಡಿ. ಗ್ರೀಸ್ ಹೋಗಬೇಕಾದದ್ದು ಅಲ್ಲಿಗೆ.

ಬೇರಿಂಗ್‌ಗೆ ಫಾಸ್ಫರ್ ಬ್ರಾಂಜ್ ಬುಷ್ (ಶಾಫ್ಟ್ ಕೂರುವ ಕಂಚಿನ ಕೊಳವೆ) ಹಾಕಿ. 20 ಮಿ.ಮೀ. ಶಾಫ್ಟ್‌ಗೆ 0.05ರಿಂದ 0.08 ಮಿ.ಮೀ. ಸಡಿಲ ಸಾಕು, ಬುಷ್ ಒತ್ತಿ ಕೂರಿಸಿದಾಗ ಒಳತೂತು ಕುಗ್ಗುವುದರಿಂದ ರೀಮರ್ (ತೂತನ್ನು ಸರಿ ಅಳತೆಗೆ ಕೆರೆಯುವ ಉಪಕರಣ) ಆಮೇಲೆಯೇ ಹೊಡೆಯಬೇಕು. ನಿಪ್ಪಲ್ (ಗ್ರೀಸ್ ಗನ್ ಕಚ್ಚಿಸುವ ಬಾಯಿ) ತೂತಿನ ನೇರಕ್ಕೆ ಬುಷ್ ಒಳಗೆ ಸುತ್ತಲೂ ಒಂದು ಗ್ರೂವ್ (ಸಣ್ಣ ಕಾಲುವೆ), ಅದರಿಂದ ಸವೆದ ಪಟ್ಟಿ ಬೀಳುವ ಜಾಗದ ಎರಡೂ ಅಂಚಿಗೆ ಉದ್ದುದ್ದಕ್ಕೆ ಒಂದೊಂದು ಗ್ರೂವ್. ಅಗಲ 2 ಮಿ.ಮೀ., ಆಳ ಬುಷ್ ದಪ್ಪದ ಮೂರನೇ ಒಂದು ಭಾಗ ಮೀರದಿರಲಿ. ಬುಷ್‌ನ ತುದಿಗೆ 4–5 ಮಿ.ಮೀ. ಮೊದಲೇ ನಿಲ್ಲಿಸಿ, ಕೊನೆವರೆಗೆ ಕೊರೆದರೆ ಗ್ರೀಸ್ ಸುಲಭದ ದಾರಿ ಹಿಡಿದು ಹೊರಬೀಳುತ್ತದೆ. ಅಂಚುಗಳನ್ನು ನಯ ಮಾಡುವುದು ಮರೆಯಬೇಡಿ, ಚೂಪು ಅಂಚು ಗ್ರೀಸನ್ನು ಕೆರೆದು ತೆಗೆಯುತ್ತದೆ. ಎಂ6 (6 ಮಿ.ಮೀ. ಥ್ರೆಡ್‌ನ) ನಿಪ್ಪಲ್‌ಗೆ 5 ಮಿ.ಮೀ. ಡ್ರಿಲ್ ಹೊಡೆದು, ಟ್ಯಾಪ್ ಹಾಕಿ ಥ್ರೆಡ್ ಕೊರೆದು, ಲೋಹದ ಚೂರನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಎರಡು ತುದಿಗೂ ಎಣ್ಣೆಯಲ್ಲಿ ನೆನೆಸಿದ ಫೆಲ್ಟ್ ವಾಷರ್ ಕೊಟ್ಟರೆ ಕೆಸರು ಒಳಬಾರದು.

ರಂಧ್ರಮಯ ಸಿಂಟರ್ಡ್ ಬುಷ್ (ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು) ಇದ್ದರೆ ಇದ್ಯಾವುದೂ ಬೇಡ. ರೀಮರ್, ಗ್ರೂವ್ ಎರಡೂ ಅದರ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಅದಕ್ಕೆ ಎಣ್ಣೆ ಮಾತ್ರ.

ಫಾಸ್ಫರ್ ಬ್ರಾಂಜ್ ಬುಷ್‌ಗೆ ಲಿಥಿಯಂ ನಂ. 2 (ಮಧ್ಯಮ ಗಟ್ಟಿಯ) ಗ್ರೀಸನ್ನು ಪೆಡಲ್ ಬಿಟ್ಟಿರುವಾಗ ತುಂಬಿ. ತುದಿಯಲ್ಲಿ ಶುಭ್ರ ಗ್ರೀಸ್ ಇಣುಕುವವರೆಗೆ ಪಂಪ್ ಮಾಡಿ, ಪೆಡಲ್ ಹತ್ತಾರು ಸಲ ಒತ್ತಿ ಬಿಟ್ಟು, ಮತ್ತೊಮ್ಮೆ ಪಂಪ್ ಮಾಡಿ. ಚಕ್ರದ ಬಳಿ ಬ್ರೇಕ್ ಶೂಗಳನ್ನು ಅಗಲಿಸುವ ಕ್ಯಾಮ್ ಸ್ಪಿಂಡಲ್‌ಗೆ ಮಾತ್ರ ಗನ್‌ನ ಒಂದೇ ಒತ್ತು. ಹೆಚ್ಚಾದದ್ದು ನೇರ ಲೈನಿಂಗ್‌ಗೆ ಹೋಗುತ್ತದೆ.

ಹೊಸ ಬುಷ್‌ನಿಂದ ಶಾಫ್ಟ್ ಕೂರುವ ಜಾಗ ಬದಲಾಗಿರುತ್ತದೆ. ಚಕ್ರಗಳನ್ನು ಜಾಕ್ ಮೇಲೆ ಎತ್ತಿ ರಾಡ್‌ಗಳನ್ನು ಹೊಸದಾಗಿ ಹೊಂದಿಸಿ; ಎಡಬಲ ಎರಡೂ ಒಟ್ಟಿಗೆ ಹಿಡಿಯಬೇಕು, ಬಿಟ್ಟಾಗ ಒಟ್ಟಿಗೆ ಬಿಡಬೇಕು.