ಮೌಂಟ್ ಮಿಚೆಲ್ ತುದಿಯಲ್ಲಿ

ಹೋದ ಶನಿವಾರ ಆಶ್‌ವಿಲ್‌ನಿಂದ ಬೆಳಿಗ್ಗೆಯೇ ಹೊರಟು, ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆ ಹಿಡಿದು ಮೌಂಟ್ ಮಿಚೆಲ್‌ಗೆ ಹೋಗಿಬಂದೆವು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಮೊದಲ ಸ್ಟೇಟ್ ಪಾರ್ಕ್ ಇದು. ಎತ್ತರ 6,684 ಅಡಿ. ಆದರೂ ಕಾರು ತುದಿಯ ಹತ್ತಿರದವರೆಗೂ ಹೋಗುತ್ತದೆ, ಆಮೇಲೆ ನಡೆಯುವುದು ಸ್ವಲ್ಪವೇ, ಹಾಗಾಗಿ ಅಮ್ಮನೂ ನಿಧಾನಕ್ಕೆ ಹತ್ತಿದರು. ಕೆಳಗೆ ಸೆಕೆ, ಮೇಲೆ ಸ್ವೆಟರ್ ಬೇಕೇ ಬೇಕು!

ದಾರಿಯಲ್ಲಿ ಬಿದ್ದಿದ್ದ ಫ್ರೇಜರ್ ಫರ್ ಮರದ ಟೊಂಗೆಯಿಂದ ಎರಡು ಎಲೆ ಕಿತ್ತು ಬೆರಳಲ್ಲಿ ಉಜ್ಜಿದೆ. ಎಂಥ ಘಮ! ಆದರೆ ಸುತ್ತ ಬೂದು ಬಣ್ಣದ ಒಣಮರಗಳೂ ಜಾಸ್ತಿ. ಯುರೋಪಿನಿಂದ ಬಂದ ಒಂದು ಪುಟ್ಟ ಕೀಟ ರಸ ಹೀರಿ ಕೊಂದ ಮರಗಳವು, ನೋಡಿ ಸಂಕಟವಾಯಿತು.

ತುದಿಯಲ್ಲಿ ಎಲಿಷಾ ಮಿಚೆಲ್ ಸಮಾಧಿ ಇದೆ. ಈ ಬೆಟ್ಟವೇ ಎತ್ತರದ್ದು ಎಂದು ಸಾಧಿಸಲು ಮತ್ತೆ ಅಳೆಯಲು ಬಂದ ಪ್ರೊಫೆಸರ್, 1857ರಲ್ಲಿ ಜಲಪಾತದ ಹತ್ತಿರ ಬಿದ್ದು ತೀರಿಹೋದರು. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ಅಷ್ಟರಲ್ಲಿ ಮಂಜು ಬಂದು ಎಲ್ಲ ಮುಚ್ಚಿತು.