ದೇಶ ಬಿಟ್ಟು ಹೋದವರನ್ನ ಹೋರಾಟಗಾರರು ಅಂತ ಹೆಂಗ ಕರೀತೀರಿ ಮೇಡಂ?

ಸಿಂಧನೂರಿನ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಸೇನಾಡಳಿತದ ಪಾಠ ಬಂತೆಂದರೆ, ಯಾವ ವರ್ಷದ ಹುಡುಗರೇ ಇರಲಿ, ಈ ಪ್ರಶ್ನೆ ಬಂದೇ ಬರುತ್ತದೆ. "ಮಿಲಿಟ್ರಿಯವರು ಬಂದ್ರು ಅಂತ ದೇಶಾನ ಬಿಟ್ಟು ಓಡಿಹೋದವ್ರು ಹೋರಾಟಗಾರರು ಹೆಂಗ ಆಗ್ತಾರ್ರೀ? ಧೈರ್ಯ ಇದ್ರ ಅಲ್ಲೇ ಇದ್ದು ಜೈಲಿಗೆ ಹೋಗಬೇಕಿತ್ತಲ್ಲ?" ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಇದನ್ನೇ ಕೇಳಿಸಿಕೊಂಡಿದ್ದೇನೆ. ಕ್ಲಾಸಿನಲ್ಲಿ ಪೂರ್ತಿ ಹೇಳುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಶುರು ಮಾಡುವುದು ಕೊಪ್ಪಳದ ಅಳವಂಡಿ ಸೀಮೆಯ ನಮ್ಮೂರಿನಿಂದ. 1947ರಲ್ಲಿ ಕೊಪ್ಪಳ, ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಪಕ್ಕದ ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿತ್ತು, ಹೊಳೆ ಆಚೆಯ ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆಗಸ್ಟ್ 15ರಂದು ಆ ಕಡೆ ಸ್ವಾತಂತ್ರ್ಯ ಬಂತು, ಈ ಕಡೆ ಬರಲಿಲ್ಲ. ಸಾಲಿಯ ಮುಂದೆ ತ್ರಿವರ್ಣ ಧ್ವಜ ಏರಿಸಿದ್ದಕ್ಕೆ ನಮ್ಮ ಅಜ್ಜನ ಮೇಲೆ ವಾರಂಟು ಹೊರಟಿತು. ನಿಜಾಮನ ಪರವಾಗಿ ಆಯುಧ ಹಿಡಿದಿದ್ದ ರಜಾಕಾರರ ಹಾವಳಿಯ ಕಾಲ ಅದು. ಒಂದು ರಾತ್ರಿ ಅಜ್ಜ ಹೊಲದ ದಾರಿ ಹಿಡಿದು ಮುಂಡರಗಿಗೆ ಹೋದ.

ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿತ್ತು. ಗಜೇಂದ್ರಗಡದಲ್ಲಿ ಪುರ್ತಗೇರಿ ಕೃಷ್ಣರಾಯರದು. ಸಂಸ್ಥಾನದೊಳಗೆ ಚಳವಳಿಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಜೈಲಿನಲ್ಲಿದ್ದಾಗ ಚಳವಳಿಯ ಉಸಿರು ಹಿಡಿದಿದ್ದು ಈ ಗಡಿ ಶಿಬಿರಗಳು. ಅಲ್ಲಿಂದಲೇ ಹುಡುಗರು ರಾತ್ರಿ ಒಳಗೆ ಬಂದು ಕರೋಡಗಿರಿ ನಾಕಾಗಳ, ಅಂದರೆ ಗಡಿಯ ಸುಂಕದ ಕಟ್ಟೆಗಳ ಮೇಲೆ ದಾಳಿ ಮಾಡುತ್ತಿದ್ದರು. ಒಳಗಿನ ಸುದ್ದಿ ಹೊರಗಿನ ಪತ್ರಿಕೆಗಳಿಗೆ ಮುಟ್ಟಿಸುತ್ತಿದ್ದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ಎಲ್ಲ ಮುಗಿಯಿತು. ಇದನ್ನೇ ಪೊಲೀಸ್ ಕಾರ್ಯಾಚರಣೆ ಎನ್ನುತ್ತಾರೆ. ಆಮೇಲೆ ಶಿವಮೂರ್ತಿಸ್ವಾಮಿಗಳನ್ನು ಇದೇ ಸೀಮೆಯ ಜನ ಆರಿಸಿ ಸಂಸತ್ತಿಗೆ ಕಳಿಸಿದರು. ಗಡಿ ದಾಟಿದ್ದಕ್ಕೆ ಅವರನ್ನು ಓಡಿಹೋದವರು ಎಂದು ನಮ್ಮ ಜನ ಕರೆಯಲಿಲ್ಲ.

ನಿಜಾಮನದು ಸೇನಾಡಳಿತ ಅಲ್ಲ, ಅರಸೊತ್ತಿಗೆ. ಆ ವ್ಯತ್ಯಾಸ ನನಗೆ ಗೊತ್ತು. ಇನ್ನೊಂದನ್ನೂ ಹೇಳಲೇಬೇಕು: ಪೊಲೀಸ್ ಕಾರ್ಯಾಚರಣೆಯ ನಂತರ ಭಯ ಮಗ್ಗುಲು ಬದಲಿಸಿತು. ಕಲಬುರಗಿ, ಬೀದರ್ ಕಡೆ ಏನೂ ತಪ್ಪು ಮಾಡದ ಮುಸ್ಲಿಮರು ಸತ್ತರು. ಅದನ್ನು ನೋಡಿಬರಲು ಭಾರತ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಕಡಿಮೆ ಎಂದರೂ 27ರಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತ್ತು. ಜೀವ ಉಳಿಸಿಕೊಳ್ಳಲು ಆಗ ಅವರು ಊರು ಬಿಟ್ಟರು. ಆಸರೆ ಯಾರಿಗೆ ಯಾವಾಗ ಬೇಕಾದೀತೆಂದು ಹೇಳಲಾಗದು. ನಮ್ಮ ನೆಲದ ಈ ಎರಡೂ ಕಥೆ ತಿಳಿದ ಮೇಲೆ ಬೇರೆ ದೇಶದವರ ಕಥೆಗೆ ಹೋಗುವುದು ಸುಲಭ.

ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್. 1988ರ ಆಗಸ್ಟ್ 8ರಂದು ವಿದ್ಯಾರ್ಥಿಗಳು ಬೀದಿಗಿಳಿದರು, ಸೈನ್ಯ ಗುಂಡು ಹಾರಿಸಿತು. ಸಾವಿರಾರು ಹುಡುಗರು ಥಾಯ್ಲೆಂಡ್ ಗಡಿಯ ಕಾಡು ಸೇರಿದರು, ಕೆಲವರು ಭಾರತಕ್ಕೆ ಬಂದರು. ದೆಹಲಿಯಲ್ಲಿ ಅವರಿಗೆ ತನ್ನ ಸರ್ಕಾರಿ ಬಂಗಲೆಯಲ್ಲೇ ಜಾಗ ಕೊಟ್ಟವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ತುರ್ತು ಪರಿಸ್ಥಿತಿಯಲ್ಲಿ ತಲೆಮರೆಸಿಕೊಂಡು ಊರೂರು ತಿರುಗಿ 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸಿಕ್ಕಿಬಿದ್ದ ಮನುಷ್ಯ ಅವರು. ಬೇರೆಯವರ ಮನೆಯಲ್ಲಿ ಅಡಗಿ ಮಲಗಿದ ರಾತ್ರಿಗಳ ನೆನಪು ಇದ್ದುದಕ್ಕೇ ಆ ಬಾಗಿಲು ತೆರೆದಿತ್ತು ಎಂದು ನಾನು ನಂಬಿದ್ದೇನೆ. ಹಾಗೆ ದೆಹಲಿಗೆ ಬಂದ ಬರ್ಮಾದ ಹುಡುಗರಲ್ಲಿ ಕೆಲವರು 1998ರಲ್ಲಿ 'ಮಿಝಿಮಾ' ಎಂಬ ಸುದ್ದಿಸಂಸ್ಥೆ ಕಟ್ಟಿದರು. ಒಳಗೆ ಪತ್ರಿಕೆಗಳ ಬಾಯಿ ಹೊಲಿದಿದ್ದ ಕಾಲದಲ್ಲಿ ಆ ದೇಶದ ಸುದ್ದಿ ಜಗತ್ತಿಗೆ ಮುಟ್ಟಿದ್ದು ಇಂಥವರಿಂದ.

2021ರ ಫೆಬ್ರುವರಿ 1ರಂದು ಸೈನ್ಯ ಮತ್ತೆ ಅಧಿಕಾರ ಕಸಿಯಿತು. ಈ ಸಲ ಮಿಜೋರಾಂ ಗಡಿ ದಾಟಿದವರಲ್ಲಿ ಚುನಾಯಿತ ಪ್ರತಿನಿಧಿಗಳಿದ್ದರು, ತಮ್ಮ ಜನರ ಮೇಲೆ ಗುಂಡು ಹಾರಿಸಲು ಒಪ್ಪದ ಪೊಲೀಸರೂ ಇದ್ದರು. ಅಲ್ಲೇ ಉಳಿದವರ ಗತಿ ಏನಾಯಿತು? ಮಾಜಿ ಸಂಸದ ಫ್ಯೋ ಜೆಯಾ ತಾವ್, 1988ರ ವಿದ್ಯಾರ್ಥಿ ನಾಯಕ ಕೋ ಜಿಮ್ಮಿ ದೇಶದೊಳಗೇ ಇದ್ದರು, ಸಿಕ್ಕಿಬಿದ್ದರು. 2022ರ ಜುಲೈನಲ್ಲಿ ಅವರನ್ನೂ ಇನ್ನಿಬ್ಬರನ್ನೂ ಗಲ್ಲಿಗೇರಿಸಿದರು. ಅವರ ಧೈರ್ಯದ ಮುಂದೆ ತಲೆ ಬಾಗುತ್ತೇನೆ. ಆದರೆ "ಅಲ್ಲೇ ಇರಬೇಕಿತ್ತು" ಎಂದು ಸಲೀಸಾಗಿ ಹೇಳುವ ಹುಡುಗನಿಗೆ, ತಾನು ಯಾರಿಂದ ಏನನ್ನು ಕೇಳುತ್ತಿದ್ದೇನೆ ಅನ್ನುವುದು ಗೊತ್ತಿರಬೇಕು.

ಓಡಿಹೋದವರು ಹೇಡಿಗಳು ಎಂದು ಸೇನಾಡಳಿತಗಾರರು ಯಾವತ್ತೂ ನಂಬಿದವರಲ್ಲ. ನಂಬಿದ್ದರೆ ಬೆನ್ನು ಹತ್ತುತ್ತಿರಲಿಲ್ಲ. ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೋಶೆ ಅಧ್ಯಕ್ಷ ಅಯೆಂದೆಯವರ ಸರ್ಕಾರವನ್ನು ಉರುಳಿಸಿದ. ಸಾಂಟಿಯಾಗೊದ ಕ್ರೀಡಾಂಗಣವೇ ಜೈಲಾಯಿತು. ಸ್ವೀಡನ್ನಿನ ರಾಯಭಾರಿ ಹೆರಾಲ್ಡ್ ಎಡೆಲ್‌ಸ್ಟಾಮ್ ನೂರಾರು ಜನರನ್ನು ಕಾಪಾಡಿದರು, ಅದೇ ಡಿಸೆಂಬರ್‌ನಲ್ಲಿ ಅವರನ್ನೇ ದೇಶದಿಂದ ಹೊರಹಾಕಿದರು. ಅಯೆಂದೆ ಕಾಲದ ಸೇನಾ ಮುಖ್ಯಸ್ಥ ಕಾರ್ಲೋಸ್ ಪ್ರಾಟ್ಸ್ ಅರ್ಜೆಂಟೀನಾಕ್ಕೆ ಹೋಗಿದ್ದರು. 1974ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾರಿಗೆ ಬಾಂಬಿಟ್ಟು ಅವರನ್ನೂ ಅವರ ಹೆಂಡತಿಯನ್ನೂ ಕೊಂದರು. ಮಂತ್ರಿಯಾಗಿದ್ದ ಓರ್ಲಾಂಡೊ ಲೆಟೆಲಿಯರ್ ಅಮೆರಿಕ ಸೇರಿ, ಪಿನೋಶೆಗೆ ಸಾಲ ಕೊಡಬೇಡಿ ಎಂದು ದೇಶದೇಶಗಳಿಗೆ ಹೇಳುತ್ತ ತಿರುಗುತ್ತಿದ್ದರು. 1976ರ ಸೆಪ್ಟೆಂಬರ್ 21ರಂದು ವಾಷಿಂಗ್ಟನ್ನಿನ ನಡುಬೀದಿಯಲ್ಲಿ ಅವರ ಕಾರೂ ಸಿಡಿಯಿತು. ಸಾವಿರಾರು ಮೈಲಿ ದೂರದಲ್ಲಿ ಕೂತು ಮಾತಾಡುವ ಒಬ್ಬನಿಗೆ ಅಷ್ಟು ಹೆದರಿದ್ದರು. ಇನ್ನು ಕೆಲವರ ಪಾಸ್‌ಪೋರ್ಟಿನ ಮೇಲೆ 'ಎಲ್' ಅಕ್ಷರ ಒತ್ತಿಬಿಟ್ಟರು, ವಾಪಸು ಬರುವಂತಿಲ್ಲ ಅಂತ. ಆ ಜನರಿಗೆ ಊರು ಬಿಟ್ಟಿದ್ದು ಶಿಕ್ಷೆಯೇ ಆಗಿತ್ತು. ಅಪ್ಪ ಸತ್ತರೂ ಮಣ್ಣಿಗೆ ಹೋಗಲಾಗದ ಶಿಕ್ಷೆ.

ಕಾನೂನಿನ ಮಾತು ಸ್ವಲ್ಪ. 1951ರ ನಿರಾಶ್ರಿತರ ಒಪ್ಪಂದ ಧೈರ್ಯ ಇದೆಯಾ ಎಂದು ಕೇಳುವುದಿಲ್ಲ, ಭಯಕ್ಕೆ ಆಧಾರ ಇದೆಯಾ ಎಂದು ಕೇಳುತ್ತದೆ. ಜನಾಂಗ, ಧರ್ಮದ ಜೊತೆಗೆ ರಾಜಕೀಯ ಅಭಿಪ್ರಾಯವನ್ನೂ ಆ ಭಯದ ಕಾರಣಗಳಲ್ಲಿ ಸೇರಿಸಿದೆ. ಜೀವಕ್ಕೆ ಅಪಾಯ ಇರುವ ಕಡೆಗೆ ತಿರುಗಿ ತಳ್ಳಬಾರದು ಅನ್ನುವುದು ಅದರ ಜೀವಾಳ. ಭಾರತ ಅದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ನಮ್ಮಲ್ಲಿ ಕಾನೂನಿಲ್ಲ. ಆದರೂ 2021ರ ಮೇನಲ್ಲಿ ಮಣಿಪುರ ಹೈಕೋರ್ಟ್, ಮ್ಯಾನ್ಮಾರಿನಿಂದ ಬಂದ ಏಳು ಜನರಿಗೆ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯಲ್ಲಿ ಆಸರೆ ಕೇಳಲು ದಾರಿ ಬಿಡಿಸಿತು. ಅವರಲ್ಲಿ ಮಿಝಿಮಾದ ಪತ್ರಕರ್ತರೂ ಇದ್ದರು. ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ 'ವ್ಯಕ್ತಿ' ಎಂದಿದೆ, 'ನಾಗರಿಕ' ಎಂದಿಲ್ಲ. ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ದಪ್ಪಗೆ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಈ ಪಾಠ ಮುಗಿದ ಮೇಲೆ ಬಂಗಾಲಿ ಕ್ಯಾಂಪಿನ ಹುಡುಗಿ ಒಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಸಿಂಧನೂರಿನವರಿಗೆ ಆರ್.ಎಚ್. ಕ್ಯಾಂಪುಗಳ ಪರಿಚಯ ಹೇಳಬೇಕಿಲ್ಲ. ಪಾಕಿಸ್ತಾನದ ಸೇನಾಡಳಿತದಡಿ ಇದ್ದ ಪೂರ್ವ ಬಂಗಾಳದಿಂದ ಬಂದವರನ್ನು ಸರ್ಕಾರ ಇಲ್ಲಿ ನೆಲೆಗೊಳಿಸಿತು. "ಮೇಡಂ, ನಮ್ಮ ದಾದು ಹೋರಾಟಗೀರಾಟ ಏನೂ ಮಾಡಿಲ್ರೀ. ಮಕ್ಕಳನ್ನ ಕರ್ಕೊಂಡು ಸುಮ್ನ ಬಂದ್ಬಿಟ್ರು. ಹಂಗಾದ್ರ ಅವರನ್ನ ಏನಂತೀರಿ?" ಅಷ್ಟು ಹೊತ್ತು ಹೋರಾಟಗಾರರನ್ನು ಹೊಗಳಿದ್ದ ನನಗೆ ಆ ಮಾತು ತಾಕಿತು. ಮಿಲಿಟರಿಯ ಬಂದೂಕಿನ ಎದುರು ಭಾಷಣ ಮಾಡಿದವನಿಗೆ ಮಾತ್ರ ಆಸರೆಯ ಹಕ್ಕು, ಮಕ್ಕಳ ಕೈ ಹಿಡಿದು ನಡೆದವನಿಗೆ ಇಲ್ಲ ಎಂದು ನಾನು ಯಾವತ್ತೂ ಅಂದುಕೊಂಡಿದ್ದಿಲ್ಲ. ಆದರೆ ನನ್ನ ಪಾಠ ಹಾಗೆ ಕೇಳಿಸಿತ್ತು. ಆ ವರ್ಷದಿಂದ ಪಾಠವನ್ನು ಅವಳ ದಾದುನಿಂದಲೇ, ಅಂದರೆ ಅಜ್ಜನಿಂದಲೇ ಶುರು ಮಾಡುತ್ತೇನೆ.

ಕೊನೆಗೆ ನಮ್ಮ ಅಜ್ಜಿಯ ಮಾತು. ಅಜ್ಜ ಹೋದ ಮೇಲೆ ಊರಲ್ಲಿ ಉಳಿದವಳು ಅವಳೇ. ಪೊಲೀಸರು ಬಂದು ಕಣಜದ ಜೋಳ ಹೊತ್ತೊಯ್ದದ್ದನ್ನು ನೋಡಿದವಳು. "ಅಜ್ಜನ ಮ್ಯಾಲ ಸಿಟ್ಟು ಬರಲಿಲ್ಲೇನಬೇ?" ಎಂದು ಸಣ್ಣವಳಿದ್ದಾಗ ಕೇಳಿದ್ದೆ. "ಬಂತವಾ, ಯಾಕ ಬರೂದಿಲ್ಲ," ಅಂದಳು. "ಆದ್ರ ಅವ ಮುಂಡರಗಿಯಿಂದ ಸುದ್ದಿ ಕಳಸ್ತಿದ್ದ. ಸಂಜಿ ಆದ್ರ ಓಣಿ ಮಂದಿ ಎಲ್ಲಾ ನಮ್ಮ ಪಡಸಾಲಿಗೆ ಬಂದು ಕುಂಡ್ರತಿದ್ರು. ಇವತ್ತೇನು ಸುದ್ದಿ ಬಂತು ಅಂತ ಕೇಳತಿದ್ರು. ಇಲ್ಲೇ ಇದ್ದು ಅವ ಜೈಲಿಗೆ ಹೋಗಿದ್ರ, ನಮ್ಮ ಬಾಗಲಾ ಯಾರೂ ತುಳೀತಿದ್ದಿಲ್ಲ."